ಹದಿನೇಳು–ಹದಿನೆಂಟರ ನಡುವಿನ ವೈರು

ಆ ದಿನ ಟಿಕೋಟಾದ ಕೋಲ್ಡ್ ಸ್ಟೋರೇಜಿಗೆ ಹೋದವನು ನಾನು ಮೊದಲು ತೆರೆದದ್ದು ಬಾಯಿಯನ್ನು. ಟೂಲ್ ಬಾಕ್ಸನ್ನು ತೆರೆದದ್ದು ಆಮೇಲೆ. ಮೂವತ್ತು ವರ್ಷದಿಂದ ತಂಪು ಮಾಡುವ ಯಂತ್ರಗಳ ರಿಪೇರಿ ಮಾಡುತ್ತಿದ್ದೇನೆ, ತಲೆ ಮಾತ್ರ ಇನ್ನೂ ತಂಪಾಗಿಲ್ಲ. ಗಾಂಧಿ ಚೌಕದ ಗಲ್ಲಿಯಲ್ಲಿರುವ ನನ್ನ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಬೈಸಿಕೊಂಡರೂ ಕೆಲಸ ನೆಟ್ಟಗಾಗುತ್ತದೆ ಎಂದು ಬರುತ್ತಾರೆ. ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಕೋಲ್ಡ್ ಸ್ಟೋರೇಜಿನ ಮಾಲೀಕರ ಫೋನ್ ಬಂತು. ಎರಡನೇ ಚೇಂಬರ್ ನಾಲ್ಕು ಡಿಗ್ರಿಯಲ್ಲಿ ಇರಬೇಕಾದದ್ದು ಹನ್ನೊಂದಕ್ಕೆ ಏರಿದೆ, ಕಾಂಪ್ರೆಸರ್ ಮಾತ್ರ ಬಿಡುವಿಲ್ಲದೆ ಓಡುತ್ತಿದೆ, ಒಳಗಿನ ಒಣದ್ರಾಕ್ಷಿಯ ಪೆಟ್ಟಿಗೆಗಳು ಬೆವರುತ್ತಿವೆ. ನನಗೆ ಫೋನ್ ಮಾಡುವುದಕ್ಕೆ ಮೊದಲು ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕರೆಸಿ ಎರಡು ಸಲ ಗ್ಯಾಸ್ ತುಂಬಿಸಿದ್ದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜಾತಿಯವನು ಅವನು. ರೂಮು ತಣ್ಣಗಾಗುತ್ತಿಲ್ಲ ಎಂದರೆ ಗ್ಯಾಸ್ ಎನ್ನುವುದೊಂದೇ ಅವನಿಗೆ ಗೊತ್ತು. ಜಲನಗರದ ಮನೆಯಿಂದ ಹೊರಡುವಾಗಲೇ ನನ್ನ ಪಿತ್ತ ಕೆದರಿತ್ತು. ಟಿಕೋಟಾ ಮುಟ್ಟುವ ತನಕ ಗಾಡಿಯ ಮೇಲೆ ಒಬ್ಬನೇ ಅವನನ್ನು ಬೈಯುತ್ತ ಹೋದೆ.

ಅಲ್ಲಿ ಪ್ಯಾನೆಲ್ ರೂಮಿನ ಮುಂದೆ ಮಾಲೀಕರು ನಿಂತಿದ್ದರು. ಅವರ ಸುತ್ತ, ತಮ್ಮ ದ್ರಾಕ್ಷಿಯನ್ನು ಆ ಚೇಂಬರಿನಲ್ಲಿ ಇಟ್ಟಿದ್ದ ಐದು ಜನ. ನಾಲ್ಕು ಜನ ಟಿಕೋಟಾ ಸುತ್ತಲಿನವರು, ಅವರಲ್ಲಿ ಒಬ್ಬ ಹೆಣ್ಣುಮಗಳು. ಐದನೆಯವರು ಬಬಲೇಶ್ವರದಿಂದ ಬಂದಿದ್ದ ಬಿಳಿ ರುಮಾಲಿನ ಹಿರಿಯರು. ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತವನು ಆಪರೇಟರ್. ಬಿಜ್ಜರಗಿಯವನು, ಐವತ್ತರ ಮೇಲಿನ ವಯಸ್ಸು. ಮನೆಯಲ್ಲಿ ಹತ್ತಾರು ಆಡು ಸಾಕಿಕೊಂಡು, ಎಂಟು ವರ್ಷದಿಂದ ಇಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ನನ್ನೊಡನೆ ಫೋನಿನಲ್ಲಿ ಎಷ್ಟೋ ಸಲ ಮಾತಾಡಿದವನು. ನಾನು ಹೇಳಿದ್ದನ್ನು ಹೇಳಿದಂತೆ ಮಾಡುವವನು.

ಪ್ಯಾನೆಲ್ಲಿನ ಬಾಗಿಲು ತೆಗೆದೆ. ಒಳಗೆ ಅರಿಶಿನದ ಪುಡಿ, ಕುಂಕುಮ, ಮೇಲಿಂದ ಇಳಿದು ಒಣಗಿ ಕರೆಗಟ್ಟಿದ ತೆಂಗಿನ ನೀರು. ಒಂದು ರಿಲೇಯ ಬುಡದಲ್ಲಿ ಹಳದಿ ಹೆಕ್ಕಳಿಕೆ ಕಟ್ಟಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿ, ಟ್ರ್ಯಾಕ್ಟರ್, ಹಿಟ್ಟಿನ ಗಿರಣಿ ಎಲ್ಲಕ್ಕೂ ಪೂಜೆ ಇರುತ್ತದೆ. ಇರಲಿ, ನನಗೇನೂ ತಕರಾರಿಲ್ಲ. ನನ್ನ ಅಂಗಡಿಯಲ್ಲೂ ಮಾಡುತ್ತೇನೆ. ಆದರೆ ಮುನ್ನೂರು–ನಾನೂರು ವೋಲ್ಟ್ ಹರಿಯುವ ಜಾಗಕ್ಕೆ ತೆಂಗಿನ ನೀರು ಚಿಮುಕಿಸುವುದು ಪೂಜೆಯಲ್ಲ, ಹುಚ್ಚು. ನನಗೆ ಸಿಟ್ಟು ನೆತ್ತಿಗೇರಿತು.

ಅಲ್ಲಿ ನಿಂತಿದ್ದ ಆರೂ ಜನರ ಮುಂದೆ ಆಪರೇಟರ್‌ನನ್ನು ಬೈದೆ. ಏನೇನು ಬೈದೆ ಎಂದು ಎಲ್ಲ ಬರೆಯಲಾರೆ. ಕೊನೆಯದನ್ನು ಬರೆಯದೆ ಬಿಡಲಾರೆ.

"ಆಡ ಕಾಯಾವರ ಕೈಯಾಗ ಪ್ಯಾನೆಲ್ ಕೊಟ್ರ ಇನ್ನೇನ ಆಗತೈತಿ?" ಎಂದೆ.

ಅವನು ಮುಖ ಎತ್ತಿ ಮಾಲೀಕರನ್ನು ಒಮ್ಮೆ ನೋಡಿದ. ಆಮೇಲೆ ನನ್ನನ್ನು ನೋಡಿದ. "ಒಳಗ ನಾ ಏನೂ ಹಚ್ಚಂಗಿಲ್ಲರಿ ಸಾಹೇಬ್ರ. ಹೊರಗಿನ ಬಾಗಲಕ್ಕ ವಿಭೂತಿ, ಅಷ್ಟ," ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಣ್ಣೆದುರಿಗೆ ಅರಿಶಿನ ಇರುವಾಗ ಅವನ ಮಾತು ಯಾರಿಗೆ ಬೇಕಿತ್ತು?

ಇಲ್ಲಿ ರಿಲೇ ಎಂದರೇನು ಎಂದು ಹೇಳಿಬಿಡಬೇಕು. ಸಣ್ಣ ಕರೆಂಟಿನ ಮಾತು ಕೇಳಿ ದೊಡ್ಡ ಕರೆಂಟನ್ನು ಬಿಡುವ, ಇಲ್ಲವೆ ತಡೆಯುವ ಬಾಗಿಲು ಅದು. ಒಳಗೊಂದು ತಂತಿಯ ಸುರುಳಿ. ಅದಕ್ಕೆ ಕರೆಂಟು ಬಂದರೆ ಅದು ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆದುಕೊಳ್ಳುತ್ತದೆ, ಪಟ್ಟಿಯ ತುದಿಯ ಬೆಳ್ಳಿಯ ಬೊಟ್ಟು ಇನ್ನೊಂದು ಬೊಟ್ಟಿಗೆ ಕೂಡುತ್ತದೆ, ದೊಡ್ಡ ಕರೆಂಟು ಹರಿಯುತ್ತದೆ. ಸುರುಳಿಯ ಕರೆಂಟು ಹೋದರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ತಳ್ಳುತ್ತದೆ. ಮೋಟಾರು, ಹೀಟರುಗಳ ಭಾರ ಹೊರುವ ದೊಡ್ಡ ರಿಲೇಗೆ ನಾವು ಕಾಂಟ್ಯಾಕ್ಟರ್ ಎನ್ನುತ್ತೇವೆ. ಕೆಲಸ ಅದೇ, ಮೈ ಮಾತ್ರ ದೊಡ್ಡದು.

ತಂಪು ಮಾಡುವ ಕೋಣೆಯಲ್ಲಿ ಹೀಟರ್ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ತಣ್ಣನೆ ಗಾಳಿ ಬಿಡುವ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ. ಕಟ್ಟಿದ ಹಿಮ ಗಾಳಿಯ ದಾರಿ ಮುಚ್ಚುತ್ತದೆ. ಅದಕ್ಕೆ ಆರು ತಾಸಿಗೊಮ್ಮೆ ಟೈಮರ್ ಕಾಂಪ್ರೆಸರನ್ನೂ ಫ್ಯಾನನ್ನೂ ನಿಲ್ಲಿಸಿ, ಕಾಯಿಲ್ ಒಳಗಿನ ಹೀಟರನ್ನು ಇಪ್ಪತ್ತು ನಿಮಿಷ ಉರಿಸುತ್ತದೆ. ಹಿಮ ಕರಗಿ ನೀರಾಗಿ ಹೋಗುತ್ತದೆ. ಹೀಟರ್ ಆರಿ, ಮತ್ತೆ ಕಾಂಪ್ರೆಸರ್ ಓಡುತ್ತದೆ. ಟೈಮರಿನ ಹುಕುಂ ಮೊದಲು ಸಣ್ಣ ರಿಲೇಗೆ ಹೋಗುತ್ತದೆ, ಅದು ಹೀಟರಿನ ದೊಡ್ಡ ಕಾಂಟ್ಯಾಕ್ಟರನ್ನು ಎಬ್ಬಿಸುತ್ತದೆ. ಅರಿಶಿನ ಮೆತ್ತಿದ್ದು ಆ ಸಣ್ಣ ರಿಲೇಗೆ.

ಸರಿ, ಅದೇ ಕಳ್ಳ ಎಂದು ತೀರ್ಮಾನಿಸಿದೆ. ಮೇನ್ ಬಂದ್ ಮಾಡಿ, ಹಳೇ ರಿಲೇ ಕಿತ್ತು, ಬುಡವನ್ನು ಬ್ರಷ್ಷಿನಿಂದ ತಿಕ್ಕಿ, ಹೊಸದನ್ನು ಕೂರಿಸಿದೆ. ಪ್ಯಾನೆಲ್ಲಿನ ಬಾಗಿಲನ್ನು ಸಿಟ್ಟಿನಿಂದ ಧಡ್ ಎಂದು ಹಾಕಿದೆ. ಮೇನ್ ಕೊಟ್ಟೆ. ಒಂದು ತಾಸಿನಲ್ಲಿ ಚೇಂಬರ್ ಒಂಬತ್ತಕ್ಕೆ ಇಳಿಯಿತು. ಊಟದ ಹೊತ್ತಿಗೆ ಏಳು. ಮಾಲೀಕರು ಹತ್ತಿರ ಬಂದು, ಪೂಜೆಯಿಂದಲೇ ಆಯಿತೇ ಎಂದು ಕೇಳಿದರು. ಮತ್ತೆ ಯಾತರಿಂದ ಎಂದೆ. ಅವರು ಅಲ್ಲಿಯೇ, ಆ ಐದು ಜನರ ಮುಂದೆಯೇ, ಆಪರೇಟರ್‌ಗೆ ನಾಳೆಯಿಂದ ಬರಬೇಡ ಎಂದರು. ಅವನು ಮೇಜಿನ ಮೇಲಿದ್ದ ಟವೆಲ್ ತೆಗೆದುಕೊಂಡು ಹೊರಟ. ಬಿಳಿ ರುಮಾಲಿನ ಹಿರಿಯರು ಅವನ ಮುಖ ನೋಡದೆ ಗೋಡೆಯ ಕಡೆ ತಿರುಗಿದರು. ಅದನ್ನು ನಾನು ಕಂಡೆ. ಯಾಕೆಂದು ಯೋಚಿಸಲಿಲ್ಲ.

ಆ ಸಂಜೆ ಊಟಕ್ಕೆ ಕುಳಿತಾಗ ಹೆಂಡತಿಗೆ ಎಲ್ಲ ಹೇಳಿ ನಕ್ಕೆ. ಆಕೆ ನಗಲಿಲ್ಲ. ಆ ಮನುಷ್ಯ ಏನಂದ ಎಂದು ಕೇಳಿದಳು. ನನಗೆ ನೆನಪಾಗಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ಆಕೆ ನನಗೆ ವರ್ಷಕ್ಕೆ ಹತ್ತು ಸಲ ಹೇಳುವ ಗಾದೆ. ಅವತ್ತೂ ಹೇಳಿದಳು. ಅನ್ನ ಕಲೆಸಿಕೊಳ್ಳುತ್ತ ಕೂತೆ.

ಐದನೆಯ ದಿನ ಮತ್ತೆ ಮಾಲೀಕರ ಫೋನ್. ಚೇಂಬರ್ ಹತ್ತು ಡಿಗ್ರಿ. ನಾನು ನಂಬಲಿಲ್ಲ, ಥರ್ಮಾಮೀಟರ್ ಸರಿಯಾಗಿ ನೋಡಿ ಎಂದು ಅವರಿಗೇ ರೇಗಿದೆ. ಗಾಡಿ ತೆಗೆದುಕೊಂಡು ಹೋದೆ. ಆಪರೇಟರಿನ ಕುರ್ಚಿಯಲ್ಲಿ ಮಾಲೀಕರ ಅಳಿಯ ಕೂತು ಮೊಬೈಲ್ ನೋಡುತ್ತಿದ್ದ. ಗೇಜು ಎಷ್ಟಿದೆ ಎಂದರೆ ಯಾವ ಗೇಜು ಎಂದ.

ಈ ಸಲ ಮೊದಲು ಮಾಡಬೇಕಾದದ್ದನ್ನು ಮೊದಲು ಮಾಡಿದೆ. ಕ್ಲ್ಯಾಂಪ್ ಮೀಟರ್ ತೆಗೆದೆ. ವೈರನ್ನು ಕತ್ತರಿಸದೆ, ಅದರ ಸುತ್ತ ಬಾಯಿ ಹಾಕಿದರೆ ಸಾಕು, ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುವ ಮೀಟರ್ ಅದು. ಕಾಂಪ್ರೆಸರಿನ ಕೇಬಲ್ ಸರಿಯಾಗಿತ್ತು. ಫ್ಯಾನ್ ಸರಿಯಾಗಿತ್ತು. ಟೈಮರ್ ತಂಪಿನ ಪಾಳಿಯಲ್ಲಿತ್ತು, ಎಂದರೆ ಹೀಟರ್ ಆರಿರಬೇಕು. ಹೀಟರಿನ ಕೆಂಪು ದೀಪವೂ ಆರಿತ್ತು. ಸುಮ್ಮನೆ ಇರಲಿ ಎಂದು ಹೀಟರಿನ ಕೇಬಲ್ಲಿಗೂ ಬಾಯಿ ಹಾಕಿದೆ. ಹದಿನಾಲ್ಕು ಆಂಪಿಯರ್.

ಒಂದು ಗಳಿಗೆ ನಾನು ಮೀಟರನ್ನೇ ಅನುಮಾನಿಸಿದೆ. ಮೂರು ಕೇಬಲ್‌ಗೂ ಹಾಕಿ ನೋಡಿದೆ. ಮೂರರಲ್ಲೂ ಹದಿನಾಲ್ಕು. ದೀಪ ಹೇಳುವುದು ಹುಕುಂ ಹೋಗಿದೆಯೇ ಎಂದು ಮಾತ್ರ. ಹುಕುಂ ನಿಂತ ಮೇಲೆ ಕಾಂಟ್ಯಾಕ್ಟರ್ ಬಿಟ್ಟಿತೋ ಇಲ್ಲವೋ ಎಂದು ದೀಪಕ್ಕೆ ಗೊತ್ತಿಲ್ಲ. ಒಳಗಿನ ಬೆಳ್ಳಿಯ ಬೊಟ್ಟುಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು. ಸುರುಳಿಯಲ್ಲಿ ಕರೆಂಟಿಲ್ಲ, ಸ್ಪ್ರಿಂಗು ತಳ್ಳುತ್ತಿದೆ, ಬೊಟ್ಟು ಬಿಡುತ್ತಿಲ್ಲ. ಒಂದೇ ಕಾಯಿಲ್ ಒಳಗೆ ಹೀಟರ್ ಕಾಯಿಸುತ್ತಿದೆ, ಕಾಂಪ್ರೆಸರ್ ತಣಿಸುತ್ತಿದೆ, ಫ್ಯಾನ್ ಆ ಬಿಸಿಯನ್ನು ದ್ರಾಕ್ಷಿಯ ಮೇಲೆ ಊದುತ್ತಿದೆ. ಹೀಗಿರುವಾಗ ಎಷ್ಟು ಗ್ಯಾಸ್ ತುಂಬಿದರೇನು?

ಸ್ಕ್ರೂ ಡ್ರೈವರಿನ ಹಿಡಿಯಿಂದ ಕಾಂಟ್ಯಾಕ್ಟರಿನ ನೆತ್ತಿಗೆ ಕುಟ್ಟಿದೆ. ಟಕ್ ಎಂದು ಬಿಟ್ಟುಕೊಂಡಿತು. ಮೀಟರ್ ಸೊನ್ನೆಗೆ ಬಂತು.

ಆಗ ನನಗೆ ಅರ್ಥವಾದದ್ದು ಸಹಿಸುವಂಥದ್ದಾಗಿರಲಿಲ್ಲ. ಮೊದಲ ದಿನ ಚೇಂಬರನ್ನು ತಣ್ಣಗೆ ಮಾಡಿದ್ದು ನನ್ನ ಹೊಸ ರಿಲೇ ಅಲ್ಲ. ಸಿಟ್ಟಿನಿಂದ ನಾನು ಬಡಿದ ಪ್ಯಾನೆಲ್ಲಿನ ಬಾಗಿಲು. ಆ ಅದುರಿಗೆ ಬೊಟ್ಟು ಬಿಟ್ಟುಕೊಂಡಿದ್ದವು, ನಾಲ್ಕು ದಿನಕ್ಕೆ ಮತ್ತೆ ಅಂಟಿಕೊಂಡವು. ಅರಿಶಿನ ಇದ್ದದ್ದು ನಿಜ. ಅದು ಕೊಳಕು ಮಾತ್ರ, ಯಂತ್ರ ಕೆಟ್ಟದ್ದಕ್ಕೆ ಕಾರಣವಲ್ಲ. ನಾನು ಕೊಳಕನ್ನು ಹಿಡಿದುಕೊಂಡು ಒಬ್ಬನ ಕೆಲಸ ಕಳೆದಿದ್ದೆ.

ಆದರೂ ಒಂದು ಮಾತು ಉಳಿಯಿತು. ಇಂಥ ಪ್ಯಾನೆಲ್ಲಿನಲ್ಲಿ ಹೀಟರ್ ಉರಿಯುತ್ತಿರುವಾಗ ಕಾಂಪ್ರೆಸರ್ ಓಡುವಂತೆಯೇ ಇಲ್ಲ. ಹೀಟರಿನ ಕಾಂಟ್ಯಾಕ್ಟರ್ ಪಕ್ಕದಲ್ಲಿ ಒಂದು ಸಣ್ಣ ಜೋಡು ಬೊಟ್ಟು ಇರುತ್ತದೆ. ಕಾಂಪ್ರೆಸರಿಗೆ ಹೋಗುವ ಹುಕುಂ ಅದರ ಮೂಲಕವೇ ಹಾಯಬೇಕು. ಹೀಟರ್ ಕೂಡಿಕೊಂಡರೆ ಅದು ಬಿಚ್ಚಿಕೊಳ್ಳುತ್ತದೆ, ಕಾಂಪ್ರೆಸರಿನ ದಾರಿ ಕಟ್. ಒಂದೇ ಒಲೆಯ ಮುಂದೆ ಅತ್ತೆ ಎದ್ದ ಮೇಲೆಯೇ ಸೊಸೆ ಕೂರಬೇಕು ಎಂಬ ಕಟ್ಟಳೆ. ಹೀಟರ್ ಅಂಟಿಕೊಂಡ ಕ್ಷಣವೇ ಕಾಂಪ್ರೆಸರ್ ನಿಂತು, ಅಲಾರಂ ಕೂಗಿ, ಆಪರೇಟರ್ ಅರ್ಧ ತಾಸಿನಲ್ಲಿ ನನಗೆ ಫೋನ್ ಮಾಡಬೇಕಿತ್ತು. ಹಾಗಾಗಿರಲಿಲ್ಲ. ಯಾರೋ ಆ ಕಟ್ಟಳೆ ಮುರಿದಿದ್ದರು.

ವೈರ್ ಹಿಡಿದು ಹೊರಟೆ. ವೈರುಗಳ ತುದಿ ಕೂಡಿಸುವ ಟರ್ಮಿನಲ್ ಪಟ್ಟಿಯಲ್ಲಿ ಹದಿನೇಳು ಮತ್ತು ಹದಿನೆಂಟನೇ ನಂಬರಿನ ನಡುವೆ ಗೇಣುದ್ದದ ಕೆಂಪು ವೈರು. ಆ ಸಣ್ಣ ಬೊಟ್ಟನ್ನು ಪಕ್ಕಕ್ಕೆ ಬಿಟ್ಟು, ಕಾಂಪ್ರೆಸರಿಗೆ ನೇರ ದಾರಿ ಮಾಡಿದ ವೈರು. ಪ್ಯಾನೆಲ್ಲಿನಲ್ಲಿ ಬೇರೆ ಎಲ್ಲ ವೈರಿಗೂ ನಂಬರಿನ ಬಳೆ ಇತ್ತು, ಇದಕ್ಕೆ ಇರಲಿಲ್ಲ. ಇದನ್ನು ಹಾಕಿದವನು ಕೈಗೆ ಸಿಕ್ಕರೆ ಅಲ್ಲೇ ಹುಗಿಯುತ್ತಿದ್ದೆ. ಆ ಗ್ಯಾಸ್ ಮೆಕ್ಯಾನಿಕ್ ಹಾಕಿರಬೇಕು ಎಂದುಕೊಂಡೆ. ಅವನು ಬಂದ ದಿನ ಯಾವುದು ಎಂದು ನೋಡಲು ಮೇಜಿನ ಮೇಲಿದ್ದ ಲಾಗ್ ಪುಸ್ತಕ ತೆಗೆದೆ. ಎರಡು ತಾಸಿಗೊಮ್ಮೆ ಆಪರೇಟರ್ ಉಷ್ಣತೆ ಬರೆದಿಡುತ್ತಿದ್ದ ಪುಸ್ತಕ. ದುಂಡನೆ ಅಕ್ಷರ, ಒಂದು ಹೊತ್ತೂ ತಪ್ಪಿಲ್ಲ. ಹಾಳೆ ತಿರುವುತ್ತ ಹಿಂದಕ್ಕೆ ಹೋದೆ. ಯುಗಾದಿಯ ಮರುದಿನದ ಹಾಳೆಯಲ್ಲಿ ಹೀಗಿತ್ತು:

"ಕಾಂಪ್ರೆಸರ್ ಚಾಲೂ ಆಗಲಿಲ್ಲ. ಸಾಹೇಬ್ರಿಗೆ ಫೋನ್ ಮಾಡಿದೆ. 17–18ಕ್ಕೆ ವೈರ್ ಹಾಕು ಅಂದ್ರು. ಮೇನ್ ಬಂದ್ ಮಾಡಿ ಹಾಕೀನಿ. ಚಾಲೂ ಆತು. ಸಾಹೇಬ್ರು ಬಂದು ತಗೀತಾರ."

ಅದರ ಮುಂದಿನ ದಿನ: "ಸಾಹೇಬ್ರು ಬಂದಿಲ್ಲ." ಮೂರನೆಯ ದಿನ: "ಫೋನ್ ಮಾಡಿದೆ. ಹುಣ್ಣಿವಿ ಕಳದ ಮ್ಯಾಲೆ ಬರ್ತೀನಂದ್ರು." ವಾರದ ನಂತರ: "ಸಾಹೇಬ್ರು ಬಂದಿಲ್ಲ." ಹದಿನೈದು ದಿನಕ್ಕೆ ಇನ್ನೊಮ್ಮೆ. ಆಮೇಲೆ ಅವನು ಅದನ್ನು ಬರೆಯುವುದು ಬಿಟ್ಟಿದ್ದ.

ನೆನಪಾಯಿತು. ಅವತ್ತು ನಾನು ಊರಿನ ಒಂದು ಮದುವೆ ಹಾಲಿನ ಎ.ಸಿ. ಬಿಚ್ಚಿಕೊಂಡು ಏಣಿಯ ಮೇಲೆ ನಿಂತಿದ್ದೆ. ಕಿವಿ ಮತ್ತು ಹೆಗಲಿನ ನಡುವೆ ಫೋನ್. ಆ ಸಣ್ಣ ಬೊಟ್ಟಿನಲ್ಲಿ ಧೂಳು ಕೂತಿದೆ ಎಂದು ನನಗೆ ಫೋನಿನಲ್ಲಿಯೇ ಗೊತ್ತಾಗಿತ್ತು. ಹೊಸ ದ್ರಾಕ್ಷಿ ತುಂಬುವ ಹಂಗಾಮು, ಚೇಂಬರ್ ನಿಲ್ಲುವಂತಿಲ್ಲ. ಸದ್ಯಕ್ಕೆ ವೈರ್ ಹಾಕು, ನಾನು ಬಂದು ತೆಗೆಯುತ್ತೇನೆ ಎಂದಿದ್ದೆ. ಸದ್ಯಕ್ಕೆ. ಈ ಮಾತಿನ ಮೇಲೆ ನನಗೆ ಈಗಲೂ ಉರಿಯುತ್ತದೆ. ನಮ್ಮ ಕಸುಬಿನಲ್ಲಿ ಅರ್ಧ ಹಾಳು ಈ ಮಾತಿನಿಂದ ಆಗುತ್ತದೆ. ಸದ್ಯಕ್ಕೆ ಕಡ್ಡಿ ತುರುಕು, ಸದ್ಯಕ್ಕೆ ಫ್ಯೂಸಿಗೆ ತಂತಿ ಕಟ್ಟು, ಸದ್ಯಕ್ಕೆ ಟೇಪು ಸುತ್ತು. ಇಂಥದ್ದು ಮಾಡಿದ ಎಷ್ಟೋ ಜನರನ್ನು ನಾನು ಕಂಡಕಂಡಲ್ಲಿ ಬೈದಿದ್ದೇನೆ. ಬೊಟ್ಟು ಬೆಸೆದುಕೊಳ್ಳುವುದು ಯಾವ ಯಂತ್ರದಲ್ಲಾದರೂ ಆಗಬಹುದು, ಅದು ಯಾರ ತಪ್ಪೂ ಅಲ್ಲ. ಅದು ಯಾರ ಕಣ್ಣಿಗೂ ಬೀಳದಂತೆ ಮಾಡಿದ್ದು ನನ್ನ ವೈರು.

ಮಾಲೀಕರು ಒಳಗೆ ಬಂದರು. ಅವರ ಹಿಂದೆ ದ್ರಾಕ್ಷಿಯ ಪೆಟ್ಟಿಗೆ ನೋಡಲು ಬಂದಿದ್ದ ಟಿಕೋಟಾ ಕಡೆಯ ಆ ನಾಲ್ಕು ಜನ. ಬಬಲೇಶ್ವರದ ಹಿರಿಯರು ಇರಲಿಲ್ಲ. ನನ್ನ ಬೆರಳಿನಲ್ಲಿ ಸಿಕ್ಕಿದ್ದ ಕೆಂಪು ವೈರನ್ನು ನೋಡಿ ಮಾಲೀಕರು ಇದೇನು ಎಂದರು. ಕಾಂಪ್ರೆಸರನ್ನು ತಪ್ಪು ದಾರಿಯಲ್ಲಿ ಓಡಿಸಿದ ವೈರು ಎಂದೆ. ನಾನು ಮುಂದಿನ ಮಾತು ಆಡುವ ಮೊದಲೇ ಅವರು ಹೇಳಿಬಿಟ್ಟರು.

"ಅವನ ಹಾಕಿರ್ತಾನ್ರಿ. ಮತ್ತ್ಯಾರ ಹಾಕ್ತಾರ?"

ತಪ್ಪಿಸಿಕೊಳ್ಳುವ ಬಾಗಿಲು ನನಗೆ ತೆರೆದೇ ಇತ್ತು. ಹೌದು ಎಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ, ಹಾಕಿದ ಕೈ ಅವನದೇ. ಪುಸ್ತಕವನ್ನು ಆ ಮಾಲೀಕರು ಎಂಟು ವರ್ಷದಲ್ಲಿ ಒಮ್ಮೆಯೂ ತೆರೆದವರಲ್ಲ. ಆ ಹಾಳೆ ಹರಿದು ಜೇಬಿಗೆ ಹಾಕಿಕೊಂಡರೂ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಯೋಚನೆ ನನಗೆ ಬಂತು, ಬರಲಿಲ್ಲ ಎಂದು ಹೇಳುವುದಿಲ್ಲ. ಬಂದದ್ದಕ್ಕೆ ನನ್ನ ಮೇಲೆ ಎಷ್ಟು ಹೇಸಿಕೆ ಹುಟ್ಟಿತೆಂದರೆ, ಮಾತು ಗಂಟಲಿನಿಂದ ಕೂಗಾಗಿಯೇ ಹೊರಬಂತು.

"ಹಾಕ ಅಂದಾಂವ ನಾನ್ರಿ," ಎಂದೆ. "ತಗಿತೀನಂತ ಹೇಳಿ ಬರದ ಇದ್ದಾಂವ್ನೂ ನಾನ. ಪುಸ್ತಕದಾಗ ಬರದಾನ, ಓದ್ರಿ."

ಮಾಲೀಕರು ಓದಲಿಲ್ಲ. ಆ ಹೆಣ್ಣುಮಗಳು ಪುಸ್ತಕ ಎಳೆದುಕೊಂಡು ಬೆರಳಿಟ್ಟು ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು. ಸಾಹೇಬ್ರು ಬಂದಿಲ್ಲ, ಸಾಹೇಬ್ರು ಬಂದಿಲ್ಲ ಎಂದು ಆಕೆಯ ಬಾಯಲ್ಲಿ ಕೇಳುವಾಗ ನೆಲ ನೋಡುತ್ತ ನಿಂತೆ. ಮಾಲೀಕರು ಆಗ ಸಿಟ್ಟಾದರು, ನನ್ನಂಥವರನ್ನು ನಂಬಿ ಕೆಟ್ಟೆ ಎಂದರು. ಅದು ಸರಿಯೇ ಇತ್ತು. ಆದರೂ ಅವನು ಪೂಜೆಯ ಹೆಸರಿನಲ್ಲಿ ಪ್ಯಾನೆಲ್ ಹೊಲಸು ಮಾಡಿದ್ದು ಸುಳ್ಳಲ್ಲವಲ್ಲ ಎಂದು ಅವರು ಸೇರಿಸಿದಾಗ, ಮೊದಲ ದಿನ ಆ ಮನುಷ್ಯ ಮುಖ ಎತ್ತಿ ಯಾರನ್ನು ನೋಡಿದ್ದ ಎಂದು ನನಗೆ ಹೊಳೆಯಿತು. ಅಮಾವಾಸ್ಯೆಯ ದಿನ ಪ್ಯಾನೆಲ್ಲಿನ ಬಾಗಿಲು ತೆಗೆಸಿ ಒಳಗೆ ಕಾಯಿ ಒಡೆಸಿದವರು ಯಾರು ಎಂದು ನೇರವಾಗಿ ಕೇಳಿದೆ. ಮಾಲೀಕರು ಅಳಿಯನ ಕಡೆ ನೋಡಿದರು. ಅಳಿಯ ಮೊಬೈಲಿನ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಇರುತ್ತಾರೆ, ಇವರು ಅದನ್ನೂ ಮಾಡದ ಗಟ್ಟಿಗರು.

ಕೆಳಗಿನ ಸಾಲಿನ ಪೆಟ್ಟಿಗೆಗಳಿಗೆ ಏನೂ ಆಗಿರಲಿಲ್ಲ. ಗಾಳಿಗೆ ಎದುರಾಗಿದ್ದ ಮೇಲಿನ ಸಾಲಿನ ಪೆಟ್ಟಿಗೆಗಳಲ್ಲಿ ಪಸೆ ಹಿಡಿದು ಕಾಳು ಅಂಟಂಟಾಗಿತ್ತು. ಉಳಿದವರು ಅದರ ಬಗ್ಗೆ ದನಿ ಎತ್ತಿದಾಗ ಆ ಹೆಣ್ಣುಮಗಳೇ ತಡೆದಳು.

"ದ್ರಾಕ್ಷಿ ಮತ್ತ ಹರವಿದ್ರ ಒಣಗತಾವು. ಮದಲ ಆ ಮನಷ್ಯಾನ ಕರಸ್ರಿ," ಎಂದಳು.

ಆ ದಿನ ಉಳಿದ ಹೊತ್ತೆಲ್ಲ ಪ್ಯಾನೆಲ್ ಮುಂದೆ ಕಳೆದೆ. ಹೊಸ ಕಾಂಟ್ಯಾಕ್ಟರ್ ತರಿಸಿ ಕೂರಿಸಿದೆ. ಪಕ್ಕದ ಸಣ್ಣ ಬೊಟ್ಟನ್ನೂ ಹೊಸದು ಹಾಕಿದೆ. ಹೀಟರಿನ ದೀಪವನ್ನು ಹುಕುಮಿನ ಸಾಲಿನಿಂದ ಕಿತ್ತು, ಹೀಟರಿಗೆ ಹೋಗುವ ಕರೆಂಟಿನ ಸಾಲಿಗೇ ಕೊಟ್ಟೆ. ಇನ್ನು ಮೇಲೆ ಹೀಟರ್ ಉರಿದರೆ ಮಾತ್ರ ದೀಪ, ಆರಿದರೆ ಮಾತ್ರ ಕತ್ತಲೆ. ಕೆಂಪು ವೈರನ್ನು ಬಿಚ್ಚಿದೆ. ಆಮೇಲೆ ಹೀಟರಿನ ಕಾಂಟ್ಯಾಕ್ಟರನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಹಿಡಿದು, ಕಾಂಪ್ರೆಸರಿನ ಬಟನ್ ಒತ್ತಲು ಅಳಿಯನಿಗೆ ಹೇಳಿದೆ. ಒತ್ತಿದ. ಕಾಂಪ್ರೆಸರ್ ಚಾಲೂ ಆಗಲಿಲ್ಲ, ಅಲಾರಂ ಕೂಗಿತು. ಹಾಳಾಯಿತೇನೋ ಎಂದು ಅವನು ಹೆದರಿದ. ಯಂತ್ರ ಚಾಲೂ ಆಗದಿದ್ದುದಕ್ಕೆ ನನ್ನ ಜೀವಮಾನದಲ್ಲಿ ಖುಷಿಪಟ್ಟದ್ದು ಅದೊಂದೇ ಸಲ. ಮಾಲೀಕರು ಹೋಗುವಾಗ, ಆಪರೇಟರನ್ನು ನೀವೇ ಕರೆದುಕೊಂಡು ಬನ್ನಿ, ನಾನು ಬೇಡ ಎನ್ನುವುದಿಲ್ಲ ಎಂದರು. ಅವರಿಗೆ ಅಷ್ಟೇ ಸಾಧ್ಯವಿತ್ತು.

ಮರುದಿನ ಬೆಳಿಗ್ಗೆ ಬಿಜ್ಜರಗಿಗೆ ಹೋದೆ. ಆಪರೇಟರ್ ಮನೆಯ ಮುಂದೆ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದ. ನನ್ನನ್ನು ಕಂಡು ಟವೆಲಿನಿಂದ ಕೈ ಒರೆಸಿಕೊಂಡು ಬರ್ರಿ ಎಂದ. ಅವನ ಹೆಂಡತಿ ಬಾಗಿಲಲ್ಲಿ ನಿಂತಳು, ಬನ್ನಿ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ವೈರು ನನ್ನದು, ತಪ್ಪು ನನ್ನದು, ಮಾಲೀಕರ ಮುಂದೆಯೂ ಜನರ ಮುಂದೆಯೂ ಹೇಳಿದ್ದೇನೆ, ಕೆಲಸಕ್ಕೆ ಬಾ. ನಾನು ಅಂದುಕೊಂಡಿದ್ದೆ, ಇಷ್ಟು ಹೇಳಿದರೆ ಅವನ ಮುಖ ಅರಳುತ್ತದೆ ಎಂದು. ಅವನು ಆಡಿನ ಬೆನ್ನು ಸವರುತ್ತ ಒಂದೇ ಮಾತು ಕೇಳಿದ.

"ಯಾರ್ಯಾರ ಇದ್ರುರಿ, ನೀವ ಹೇಳೂ ಮುಂದ?"

ಹೇಳಿದೆ. ಮಾಲೀಕರು, ಅಳಿಯ, ಟಿಕೋಟಾ ಕಡೆಯ ನಾಲ್ಕು ಜನ.

"ಬಬಲೇಶ್ವರದವರು ಇರಲಿಲ್ಲೇನು?"

ಇರಲಿಲ್ಲ ಎಂದೆ. ಆಗ ಹೆಂಡತಿ ಬಾಗಿಲು ಬಿಟ್ಟು ಹೊರಗೆ ಬಂದಳು.

"ಅವರು ನಮ್ಮ ಬೀಗರು," ಎಂದಳು. "ನಮ್ಮ ಮಗಳ ಮಾವ. ನೀವ ಬೈದದ್ದು ಅವರ ಮುಂದ. ನಿಮ್ಮಪ್ಪ ನಮ್ಮ ದ್ರಾಕ್ಷಿ ಹಾಳ ಮಾಡ್ಯಾನಂತ ಆ ಕೂಸಿಗೆ ದಿನಾ ಕೇಳೂದಾಗೇತಿ. ಏಳು ತಿಂಗಳ ಬಸುರಿ ಐತ್ರಿ ಅದು."

ಬರುವ ಸೋಮವಾರ ಮಗಳಿಗೆ ಸೀಮಂತದ ಕುಬಸ ಮಾಡಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆದುಕೊಂಡು ಬರುವುದಿತ್ತು. ಬೀಗರು ಹೇಳಿ ಕಳಿಸಿದ್ದರಂತೆ, ಸದ್ಯ ಬೇಡ, ನೋಡೋಣ ಎಂದು. ನಾನು ಕಳೆದದ್ದು ಒಬ್ಬನ ಕೆಲಸ ಎಂದುಕೊಂಡಿದ್ದೆ. ಅವನು ಕಳೆದುಕೊಂಡದ್ದು ಬೀಗರ ಮುಂದಿನ ಮುಖ. ನಮ್ಮ ಕಡೆ ಹೆಣ್ಣು ಕೊಟ್ಟ ತಂದೆಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಗಾಡಿ ಹತ್ತು ಎಂದೆ. ಅವನು ಒಳಗೆ ಹೋಗಿ ಅಂಗಿ ಬದಲಿಸಿ ಬಂದು ಹಿಂದೆ ಕೂತ.

ಬೀಗರು ಕಟ್ಟೆಯ ಮೇಲೆ ಕೂತಿದ್ದರು, ಅದೇ ಬಿಳಿ ರುಮಾಲು. ಕೂರಲು ಹೇಳಿದರು. ನಾನು ಕೂರದೆ ಹೇಳಿದೆ. ಯುಗಾದಿಯ ಮರುದಿನದಿಂದ ಹಿಡಿದು, ಏಣಿ, ಫೋನ್, ಹದಿನೇಳು–ಹದಿನೆಂಟು, ಬಾಗಿಲು ಬಡಿದದ್ದು, ಆಡು ಕಾಯುವವನು ಎಂದದ್ದು, ಎಲ್ಲವನ್ನೂ. ಅವರಿಗೆ ರಿಲೇ ಗೊತ್ತಿರಲಿಲ್ಲ. ಬರುತ್ತೇನೆ ಎಂದು ಹೇಳಿ ಬರದೆ ಇರುವುದು ಗೊತ್ತಿತ್ತು. ಪುಸ್ತಕದ ಮಾತು ಬಂದಾಗ ಅವರು ನನ್ನನ್ನು ಬಿಟ್ಟು ಆಪರೇಟರ್ ಕಡೆ ತಿರುಗಿದರು.

"ಬರದ ಇಟ್ಟಿದ್ರಂದ್ರ ಆವತ್ತ ಯಾಕ ತೋರಸಲಿಲ್ಲ ಬೀಗರ?"

ಆಪರೇಟರ್ ಜೇಬಿನಿಂದ ಮೊಬೈಲ್ ತೆಗೆದ. ಅದರಲ್ಲಿ ಆ ಹಾಳೆಯ ಫೋಟೊ ಇತ್ತು, ಸಾಹೇಬ್ರು ಬಂದಿಲ್ಲ ಎಂದು ಬರೆದ ಅಷ್ಟೂ ಹಾಳೆಗಳ ಫೋಟೊ ಇತ್ತು. ಕೆಲಸ ಬಿಟ್ಟು ಹೊರಡುವ ಮೊದಲೇ ತೆಗೆದುಕೊಂಡಿದ್ದ.

"ಇದನ್ನ ನಾ ತೋರಿಸಿದ್ರ ಇವರಿಗೆ ಈ ಸೀಮಿಯೊಳಗ ಯಾರೂ ಪ್ಯಾನೆಲ್ ಮುಟ್ಟಾಕ ಕೊಡ್ತಿರಲಿಲ್ಲರಿ," ಎಂದ. "ತಾವ ಬಂದು ಹೇಳ್ತಾರಂತ ಕಾಯ್ದೆ. ಇವತ್ತ ಒಂದ ದಿನ ಕಾಯಾಂವ ಇದ್ದೆ. ನಾಳಿ ನಿಮ್ಮ ಕಡೆ ಬರಾಂವ ಇದ್ದೆ."

ಹಿಂದಿನ ದಿನ ಜನರ ಮುಂದೆ ಒಪ್ಪಿಕೊಂಡಾಗಿನಿಂದ ನನ್ನೊಳಗೆ ಎಲ್ಲೋ ಒಂದು ಸಣ್ಣ ಹೆಮ್ಮೆ ಕೂತಿತ್ತು. ಭಾರಿ ಕೆಲಸ ಮಾಡಿದೆ ಎಂದು. ಅದು ಅಲ್ಲಿ ಉದುರಿಹೋಯಿತು. ನನ್ನ ಅನ್ನವನ್ನು ಆ ಮನುಷ್ಯ ಆರು ದಿನ ಜೇಬಿನಲ್ಲಿಟ್ಟುಕೊಂಡು ಆಡು ಮೇಯಿಸಿದ್ದ. ಸಿಟ್ಟು ಬಂತು, ಅವನ ಮೇಲಲ್ಲ. ಯಾರ ಮೇಲೂ ಹಾಕಲಾಗದ ಸಿಟ್ಟು ಹೇಗಿರುತ್ತದೆ ಎಂದು ಆವತ್ತು ತಿಳಿಯಿತು.

ಬೀಗರು ಆ ಫೋಟೊಗಳನ್ನು ಒಂದೊಂದಾಗಿ ನೋಡಿ ಮೊಬೈಲನ್ನು ಹಿಂದಕ್ಕೆ ಕೊಟ್ಟರು. ಆಮೇಲೆ ಸೋಮವಾರದ ಕುಬಸಕ್ಕೆ ಎಷ್ಟು ಜನ ಬರುತ್ತೀರಿ ಎಂದು ಆಪರೇಟರ್‌ನನ್ನು ಕೇಳಿದರು. ಅವನು ಟವೆಲಿನಿಂದ ಕಣ್ಣು ಒರೆಸಿಕೊಂಡ.

ಒಳಗಿನಿಂದ ಮಗಳು ತಂಬಿಗೆಯಲ್ಲಿ ನೀರು ತಂದಳು. ತುಂಬಿದ ಬಸುರಿ, ನಡೆ ನಿಧಾನ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಬೈದವರು ಇವರ ಏನಪ್ಪಾ?" ಎಂದು ಅಪ್ಪನನ್ನು ಕೇಳಿದಳು.

ಅವನು ನನ್ನ ಕಡೆ ನೋಡಿದ. ಅದನ್ನೂ ನನಗೇ ಬಿಟ್ಟ.

"ನಾನ ಅವ್ವಾ," ಎಂದೆ.

ಆಕೆ ತಂಬಿಗೆಯನ್ನು ಅಪ್ಪನ ಕೈಗೆ ಕೊಟ್ಟು, ಅವನು ಕುಡಿಯುವ ತನಕ ನಿಂತು, ಖಾಲಿ ತಂಬಿಗೆ ಇಸಿದುಕೊಂಡು ಒಳಗೆ ಹೋದಳು. ಬೀಗರಿಗೆ ಸಂಕೋಚವಾಯಿತು. ತಂಗೀ, ಇವರಿಗೂ ನೀರು ಕೊಡು ಎಂದು ಕೂಗಿದರು.

"ನಮ್ಮಪ್ಪಾರು ಹೇಳ್ಲಿರಿ ಮಾವಾರ, ಕೊಡ್ತೀನಿ," ಎಂದಿತು ಒಳಗಿನಿಂದ ದನಿ.

ಆಪರೇಟರ್ ನೆಲ ನೋಡುತ್ತ ಕೂತಿದ್ದ. ನಾನು ಕಾಯುತ್ತ ನಿಂತೆ.